ನೋಕ್ಕಟ್ಟೆ ರಾಯರು

ಕೊಚ್ಚಿಯ ಪೆಂಟಾ ಮೇನಕಕ್ಕೆ ನಮ್ಮ ರಾಯರು ಕಾಲಿಟ್ಟರೆ ಅಂಗಡಿಯ ಹುಡುಗರು ಎದ್ದು ನಿಲ್ಲುವುದಿಲ್ಲ, ನಿಂತಿದ್ದವರೂ ಕೂತುಕೊಳ್ಳುತ್ತಾರೆ. ನಿಂತು ಮುಗಿಸುವ ಗಿರಾಕಿ ಇದಲ್ಲ ಎಂದು ಅವರಿಗೆ ಅನುಭವವಾಗಿದೆ. ಮರೈನ್ ಡ್ರೈವಿನ ಆ ಕಟ್ಟಡವೇ ಒಂದು ಮೊಬೈಲ್ ಸಂತೆ. ಹೊಸದು, ಹಳೆಯದು, ಒಡೆದದ್ದು, ಒಡೆದದ್ದನ್ನು ಕೂಡಿಸುವವರು, ಎಲ್ಲ ಒಂದೇ ಸೂರಿನಡಿ. "ಎಡುಕ್ಕುನ್ನುಂಡೋ ಸಾರೇ?" ಎಂದು ಹುಡುಗ ಕೇಳುತ್ತಾನೆ, ತಗೊಳ್ತೀರಾ ಅಂತ. "ನೋಕ್ಕಟ್ಟೆ" ಎನ್ನುತ್ತಾರೆ ರಾಯರು. ಅಂದರೆ, ನೋಡುವಾ. ಕುಂಬಳೆಯವರಾದ್ದರಿಂದ ಮಲಯಾಳ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೂ ದುಡ್ಡು ಕೊಡುವ ಹೊತ್ತಿಗೆ ಅವರ ಬಾಯಿಂದ ಬೇರೆ ಶಬ್ದ ಹೊರಟದ್ದನ್ನು ಕೇಳಿದವರಿಲ್ಲ. ನೋಕಿಯಾ ಹೋಯಿತು, ನೋಕ್ಕಟ್ಟೆ ಉಳಿಯಿತು ಎಂದು ಹುಡುಗರು ಬೆನ್ನ ಹಿಂದೆ ನಗುತ್ತಾರೆ.

ಕೊಚ್ಚಿಯಲ್ಲಿ ಇಪ್ಪತ್ತು ವರ್ಷ ಕಳೆದೂ ಕೊಚ್ಚಿಕೊಳ್ಳಲು ರಾಯರ ಕೈಯಲ್ಲಿ ಒಂದು ನೆಟ್ಟಗಿನ ಫೋನಿಲ್ಲ. ಇರುವುದು 2017ರದ್ದು. ಬ್ಯಾಟರಿ ಉಬ್ಬಿ ಬೆನ್ನು ಬಿಟ್ಟುಕೊಂಡದ್ದನ್ನು ರಬ್ಬರ್ ಬ್ಯಾಂಡ್ ಹಿಡಿದು ನಿಲ್ಲಿಸಿದೆ. ಆದರೆ ಕಾಕ್ಕನಾಡಿನ ಇನ್ಫೋಪಾರ್ಕಿನ ನಮ್ಮ ಆಫೀಸಿನಲ್ಲಿ ಯಾರು ಲಕ್ಷದ ಫೋನು ತೆಗೆಯುವುದಿದ್ದರೂ ಮೊದಲು ರಾಯರ ಮೇಜಿಗೆ ಹೋಗಿ ಬರಬೇಕು. ನೂರು ಮದುವೆ ಮಾಡಿಸಿದ ಬ್ರಹ್ಮಚಾರಿ ಪುರೋಹಿತರ ಹಾಗೆ ಅವರು ಎಲ್ಲರ ಮುಹೂರ್ತವನ್ನೂ ಇಟ್ಟುಕೊಟ್ಟವರು.

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಆ ನೆಲದ ಗುಣವೋ ಏನೋ, ರಾಯರು ಫೋನುಗಳನ್ನು ಹೋಲಿಸುವುದು ತಾಳಮದ್ದಳೆಯ ಕ್ರಮದಲ್ಲೇ. ವ್ಯತ್ಯಾಸ ಇಷ್ಟೇ, ಎರಡೂ ಕಡೆಯ ಅರ್ಥ ಅವರೊಬ್ಬರದೇ. ಐಫೋನಾಗಿ ಅರ್ಧ ಗಂಟೆ ಗುಡುಗುತ್ತಾರೆ. ನೀರು ಕುಡಿದು, ಗ್ಯಾಲಕ್ಸಿಯಾಗಿ ಅದನ್ನು ಖಂಡಿಸುತ್ತಾರೆ. "ಇನ್ನೂರು ಮೆಗಾಪಿಕ್ಸೆಲ್ ಅಂತ ಹೇಳ್ತೀಯಲ್ಲ, ಹದಿನಾರು ಪಿಕ್ಸೆಲ್ ಸೇರಿ ಒಂದಾಗಿ ಕಡೆಗೆ ಕೈಗೆ ಬರುವುದು ಹನ್ನೆರಡೇ ಅಲ್ಲವೋ?" ಎಂದು ಐಫೋನು ಕೇಳಿದರೆ, "ಕೂಡುಕುಟುಂಬ ಅಂದರೆ ಹಾಗೆಯೇ, ಹದಿನಾರು ಜನ ಇದ್ದರೂ ಮಾತಾಡುವುದು ಯಜಮಾನ ಒಬ್ಬನೇ" ಎಂದು ಗ್ಯಾಲಕ್ಸಿ ಉತ್ತರಿಸುತ್ತದೆ. "ಎಸ್ 23 ಅಲ್ಟ್ರಾದಲ್ಲಿ ಹತ್ತು ಪಟ್ಟು ಜೂಮ್ ಇತ್ತು, 24ರಲ್ಲಿ ಐದಕ್ಕೆ ಇಳಿಸಿ ಅದನ್ನೇ ಪ್ರಗತಿ ಅಂದಿರಲ್ಲ!" ಇದಕ್ಕೆ ಮಾತ್ರ ರಾಯರೊಳಗಿನ ಗ್ಯಾಲಕ್ಸಿ ತುಸು ತಡವರಿಸುತ್ತದೆ. ಬೆಳಗಾದರೂ ಯಾರೂ ಸೋಲುವುದಿಲ್ಲ. ಮಂಗಳ ಹಾಡುವುದು ನಮ್ಮ ಮ್ಯಾನೇಜರ್.

ನೀರಿನ ವಿಚಾರಕ್ಕೆ ಬಂದರಂತೂ ಅವರ ಶ್ರದ್ಧೆ ಹೆದರಿಸುವಂಥದ್ದು. ಐಪಿ 68 ಎಂಬ ಒಂದೇ ಮುದ್ರೆಯಿದ್ದರೂ ಐಫೋನಿಗೆ ಆರು ಮೀಟರ್, ಗ್ಯಾಲಕ್ಸಿಗೆ ಒಂದೂವರೆ ಮೀಟರ್, ಎರಡಕ್ಕೂ ಅರ್ಧ ಗಂಟೆ. ಅದೂ ಅಲುಗದ ಸಿಹಿನೀರಿನಲ್ಲಿ. ಕೊಚ್ಚಿಯ ಹಿನ್ನೀರೋ ಉಪ್ಪು. ಇದನ್ನು ಇತ್ಯರ್ಥ ಮಾಡಲೆಂದೇ ಒಂದು ಸಂಜೆ ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ವಾಟರ್ ಮೆಟ್ರೋ ಹತ್ತಿದೆವು. ರಾಯರು ನೀರನ್ನೇ ದಿಟ್ಟಿಸಿ ನೋಡಿ, ದೋಣಿಯವನ ಹತ್ತಿರ ಗಂಭೀರವಾಗಿ ಕೇಳಿದರು: "ಇಲ್ಲಿ ಎಷ್ಟು ಆಳ ಇರಬಹುದು? ಅರ್ಧ ಗಂಟೆ ಬಿಟ್ಟು ತೆಗೆದರೆ ಜೀವ ಇರ್ತದಾ?" ವೈಪಿನ್ ಮುಟ್ಟುವ ತನಕ ಆ ಮನುಷ್ಯ ರಾಯರ ಪಕ್ಕ ಬಿಟ್ಟು ಕದಲಲಿಲ್ಲ. ಇಳಿಯುವಾಗ ನನ್ನನ್ನು ಬದಿಗೆ ಕರೆದು, ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ವಿಚಾರಿಸಿದ.

ಹಾಗಾದರೆ ತೆಗೆದುಕೊಳ್ಳುವುದು ಯಾವಾಗ? ಅದಕ್ಕೆ ರಾಯರ ಬಳಿ ಪಂಚಾಂಗವಿದೆ. ಜನವರಿಯಲ್ಲಿ ಬೇಡ, ಗ್ಯಾಲಕ್ಸಿಯ ಹೊಸ ಅವತಾರದ ಹೊತ್ತು. ಬಿಸುವಿಗೆ ತೆಗೆಯಬಹುದು, ಆದರೆ ಆಗ ಆಫರ್ ಇರುವುದು ಫ್ರಿಜ್ಜಿಗೆ. ಜೂನ್ ಮಳೆ. ಆಟಿಯಲ್ಲಿ ಹೊಸ ವಸ್ತು ಮನೆಗೆ ತರಬಾರದು. ಆಟಿ ಕಳೆದರೆ ಓಣಂ, ಇಡೀ ಕೇರಳವೇ ಅಂಗಡಿಯಲ್ಲಿರುತ್ತದೆ; ಆದರೆ ಓಣಂನ ಬೆನ್ನಿಗೇ ಸೆಪ್ಟೆಂಬರಿನ ಐಫೋನು. ಅದು ಬಂದ ಮೇಲೆ ಹಳೆಯದು ಅಗ್ಗವಾಗಲಿ ಎಂದು ದೀಪಾವಳಿ. ದೀಪಾವಳಿ ಕಳೆದರೆ ಜನವರಿ ಎಷ್ಟು ದೂರ?

ವಿದೇಶದ ದಾರಿಯನ್ನೂ ನೋಡಿಯಾಗಿದೆ. ಇಲ್ಲಿ ಶೇಕಡಾ 18 ಜಿಎಸ್‌ಟಿ ಯಾಕೆ ಕೊಡಬೇಕು, ದುಬೈಯ ಭಾವ ತರಲಿ ಎಂದರು. ಭಾವ ಹೊರಡುವ ಹಿಂದಿನ ರಾತ್ರಿ, ಅಲ್ಲಿಯ ಐಫೋನಿನಲ್ಲಿ ಫೇಸ್‌ಟೈಮ್ ತಕರಾರು ಎಂದು ಯಾರೋ ಹೇಳಿದರು. ಟೆಕ್ಸಾಸಿನ ಸೊಸೆ ತರುತ್ತೇನೆಂದಳು. ಅಮೆರಿಕದ್ದರಲ್ಲಿ 2022ರಿಂದ ಸಿಮ್ ತೂರಿಸುವ ಸಂದಿಯೇ ಇಲ್ಲ. ಬಾಗಿಲಿಲ್ಲದ ಮನೆಗೆ ಗೃಹಪ್ರವೇಶ ಹೇಗೆ ಎಂದು ರಾಯರು ಅದನ್ನೂ ಬಿಟ್ಟರು.

ಅವರನ್ನು ಕೆಣಕಲು ನಾನೊಮ್ಮೆ ಹಳೆಯ ಕತೆ ತೆಗೆದೆ. ಕೇರಳದ ಮೊದಲ ಮೊಬೈಲ್ ಕರೆ ಹೋದದ್ದು ಇದೇ ಕೊಚ್ಚಿಯಲ್ಲಿ, 1996ರ ಸೆಪ್ಟೆಂಬರ್ 17ರಂದು. ಮಾತಾಡಿದ್ದು 'ಚೆಮ್ಮೀನ್' ಬರೆದ ತಕಳಿ ಶಿವಶಂಕರ ಪಿಳ್ಳೆ. ಕೈಗೆ ಕೊಟ್ಟದ್ದನ್ನು ಕಿವಿಗಿಟ್ಟು ಮಾತಾಡಿದರು, ಅಷ್ಟೇ ಅಲ್ಲವೇ ಎಂದೆ. "ಅವರಿಗೇನು, ಎದುರಿಗೆ ಇದ್ದದ್ದು ಒಂದೇ ಮಾಡೆಲ್" ಎಂದರು ರಾಯರು, ನಿಜವಾದ ಅಸೂಯೆಯಿಂದ.

ಈ ಕಾಯುವಿಕೆಗೆ ಬೆಲೆ ತೆರದೆ ಇದ್ದಾರೆ ಎನ್ನುವಂತಿಲ್ಲ. ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನದಲ್ಲಿ ಬಬಿಯಾ ಎಂಬ ಮೊಸಳೆ ಇತ್ತಲ್ಲ, ನೈವೇದ್ಯ ತಿಂದು ಯಾರಿಗೂ ಉಪದ್ರವ ಕೊಡದೆ ಬದುಕಿದ್ದು. ಅದನ್ನು ದಡದಿಂದಲೇ ಕಣ್ಣಿನ ಹೊಳಪು ಸಮೇತ ಸೆರೆಹಿಡಿಯಬೇಕೆಂಬುದು ರಾಯರ ಬಹುಕಾಲದ ಆಸೆ. ಅದಕ್ಕೆ ತಕ್ಕ ಜೂಮ್ ಯಾವುದೆಂದು ತೀರ್ಮಾನವಾಗುವ ಮೊದಲೇ, 2022ರ ಅಕ್ಟೋಬರಿನಲ್ಲಿ, ಬಬಿಯಾ ತೀರಿಕೊಂಡಿತು. ರಾಯರು ಎರಡು ದಿನ ಫೋನಿನ ಸುದ್ದಿ ಎತ್ತಲಿಲ್ಲ; ನಮಗೂ ಚುಟುಕು ಹಾರಿಸಲು ಬಾಯಿ ಬರಲಿಲ್ಲ. ಮುಂದಿನ ವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಬೆಳಿಗ್ಗೆಯೇ ನನ್ನ ಮೇಜಿನ ಬಳಿ ಬಂದು ನಿಂತರು. ಮುಖದಲ್ಲಿ ಕಳೆ. "ಕಂಡಿರಾ? ಕಾದದ್ದಕ್ಕೆ ಮೋಸ ಇಲ್ಲ. ಹೊಸ ಮಾಡೆಲ್ ಬಂತು."

ಕಳೆದ ಓಣಂಗೆ ಮಾತ್ರ ಇನ್ನೇನು ಆಗಿಯೇ ಹೋಯಿತು ಅನ್ನಿಸಿತ್ತು. 2025ರ ಸೆಪ್ಟೆಂಬರ್ 4, ಉತ್ರಾಡ. ಕೊಚ್ಚಿಯ ಎಂ.ಜಿ. ರಸ್ತೆಯ ಅಂಗಡಿಯಲ್ಲೂ ತಿರುವನಂತಪುರದ ಎಂ.ಜಿ. ರಸ್ತೆಯ ಅಂಗಡಿಯಲ್ಲೂ ಒಂದೇ ಫೋನು, ಒಂದೇ ಬೆಲೆ. ಆದರೆ ಅಲ್ಲಿ ಟೆಂಪರ್ಡ್ ಗ್ಲಾಸು ಧರ್ಮಕ್ಕೆ ಎಂದು ರಾಯರಿಗೆ ತಿಳಿದಿತ್ತು. ಐನೂರು ರೂಪಾಯಿಯ ಗಾಜಿಗಾಗಿ ಇನ್ನೂರು ಚಿಲ್ಲರೆ ಕಿಲೋಮೀಟರ್. ಬೆಳಗಿನ ವಂಚಿನಾಡ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಹೋದೆವು. ದಾರಿಯುದ್ದಕ್ಕೂ ರಾಯರು ಪೇಪರ್ ಓದಿದರು. ಹಿಂದಿನ ರಾತ್ರಿಯಷ್ಟೇ ಜಿಎಸ್‌ಟಿ ಇಳಿಸಿದ್ದರು. ಎಸಿಗೆ 28ರಿಂದ 18, ಫೋನಿಗೆ ಇದ್ದ 18ರಲ್ಲೇ ವನವಾಸ. "ಎಸಿ ಆದರೂ ತೆಗೆಯಬಹುದಿತ್ತು" ಎಂದು ಕೋಟ್ಟಯಂ ದಾಟುವಾಗ ಒಮ್ಮೆ ಗೊಣಗಿದರು.

ಕೆಲಸಕ್ಕೆ ಮೊದಲು ಪದ್ಮನಾಭನ ದರ್ಶನವಾಗಲಿ ಎಂದರು. ಅನಂತಪುರವೇ ಆ ದೇವರ ಮೂಲಸ್ಥಾನ ಎಂಬ ನಂಬಿಕೆ ಇರುವುದರಿಂದ ಅವರಿಗೆ ಅದು ಊರಿನ ನೆಂಟರ ಮನೆ. ಫೋನು ಹೊರಗಿಟ್ಟು, ಮುಂಡು ಉಟ್ಟು, ಹದಿನೆಂಟು ಅಡಿ ಉದ್ದಕ್ಕೆ ಪವಡಿಸಿದ ಸ್ವಾಮಿಯನ್ನು ಮೂರು ಬಾಗಿಲುಗಳಿಂದ ನೋಡಿದೆವು. ಒಂದರಲ್ಲಿ ಮುಖ, ಒಂದರಲ್ಲಿ ನಾಭಿ, ಒಂದರಲ್ಲಿ ಪಾದ. ರಾಯರು ಕೈಮುಗಿದೇ ನನ್ನ ಕಿವಿಯಲ್ಲಿ ಉಸುರಿದರು: "ಅಲ್ಟ್ರಾವೈಡ್ ಇದ್ದರೂ ಹಿಡಿಯಲಿಕ್ಕಿಲ್ಲ."

ಹೊರಗೆ ಬಂದು ಕಿಳಕ್ಕೆಕೋಟೆಯ ಒಂದು ಗೂಡಂಗಡಿಯಲ್ಲಿ ಚಹಾಕ್ಕೆ ಕೂತೆವು. ಬೆಂಚಿನ ಮೇಲೆ ರಾಯರ ಫೋನು. ಪಕ್ಕದಲ್ಲಿದ್ದ ಹುಡುಗನದ್ದೂ ಅಲ್ಲೇ, ಕಪ್ಪು ಕವರಿನಲ್ಲಿ. ಮಾತಿನ ಭರದಲ್ಲಿ ರಾಯರು ಕೈಚಾಚಿ ಒಂದನ್ನು ಎತ್ತಿಕೊಂಡರು. ಎತ್ತಿದವರು ಗಕ್ಕನೆ ನಿಂತರು. ನೋಡಲಿಲ್ಲ, ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿಸಿದರು. "ಇದು ನನ್ನದಲ್ಲ. ಇನ್ನೂರ ಇಪ್ಪತ್ತೇಳು ಗ್ರಾಂ, ಕವರ್ ಬೇರೆ. ಹದಿನಾರು ಪ್ರೋ ಮ್ಯಾಕ್ಸ್."

ಹುಡುಗ ಬೆರಗಾಗಿ ನಕ್ಕ. ಹೌದು ಚೇಟಾ, ನಿನ್ನೆ ರಾತ್ರಿಯಷ್ಟೇ ತೆಗೆದದ್ದು, ಓಣಂ ಆಫರಿನಲ್ಲಿ ಎಂದ. ಟೆಕ್ನೋಪಾರ್ಕಿನಲ್ಲಿ ಹೊಸ ಕೆಲಸವಂತೆ, ಮೊದಲ ಸಂಬಳವಂತೆ. ರಾಯರ ಮುಖದಲ್ಲಿ ಹಬ್ಬದ ದಿನ ಸಾವಿನ ಸುದ್ದಿ ಹೇಳಬೇಕಾದವನ ಸಂಕಟ ಮೂಡಿತು. ನಾನು ಅವರ ಕಾಲು ತುಳಿದೆ. ಉಪಯೋಗವಾಗಲಿಲ್ಲ.

"ಒಂಬತ್ತಕ್ಕೆ ಹದಿನೇಳು ಬರ್ತದಲ್ಲ ಮೋನೇ" ಎಂದರು, ಬಹಳ ಮೃದುವಾಗಿ. "ಐದೇ ದಿನ."

ಹುಡುಗನ ನಗು ಅಲ್ಲೇ ನಿಂತಿತು. ಚಹಾ ಆರುತ್ತಿತ್ತು. ರಾಯರು ರಬ್ಬರ್ ಬ್ಯಾಂಡ್ ಸರಿಮಾಡಿಕೊಂಡು ತಮ್ಮ ಫೋನನ್ನು ಜೇಬಿಗಿಳಿಸಿ, ಮೂವರ ದುಡ್ಡನ್ನೂ ತಾವೇ ಕೊಟ್ಟರು. ರಸ್ತೆಗಿಳಿದು ನಾನು ತಿರುಗಿ ನೋಡಿದಾಗ, ಹುಡುಗ ಆ ಫೋನನ್ನು ಅಂಗೈ ಮೇಲಿಟ್ಟುಕೊಂಡು, ಎರಡು ಸಲ ಮೇಲೆ ಕೆಳಗೆ ಆಡಿಸಿ ನೋಡುತ್ತಿದ್ದ.