ಮುಖಪುಟದ ಕಾರ್ಯದರ್ಶಿ

ಸಂಘದ ಗೌರವ ಕಾರ್ಯದರ್ಶಿಯಾಗಿ ಗೆದ್ದವರು ಕೊರಳ ಹಾರ ತೆಗೆದಿಡುವ ಮುನ್ನವೇ ಆಡುವ ಮಾತೊಂದಿದೆ: ‘ನಮ್ಮ ಪತ್ರಿಕೆಗೆ ಹೊಸ ರೂಪ ಕೊಡಬೇಕು.’ ಕಬ್ಬಾಳಿನ ಸುತ್ತಲ ತಾಲ್ಲೂಕುಗಳಲ್ಲಿ ಈ ತಳಿಗೆ ಬರವಿಲ್ಲ. ಹೊಸ ರೂಪವೆಂದರೆ ಅವರ ಮಟ್ಟಿಗೆ ಹೊಸ ಮುಖಪುಟ. ರಾಮದೇವರ ಬೆಟ್ಟ ಹಾಕಿದರೆ ಚನ್ನಪಟ್ಟಣದವರು ‘ಬೊಂಬೆ ಎಲ್ಲಿ?’ ಅನ್ನುತ್ತಾರೆ; ಬೊಂಬೆ ಬಂದರೆ ಮಾಗಡಿಯವರಿಗೆ ಕೆಂಪೇಗೌಡರು ಬೇಕು; ಕನಕಪುರದವರು ಕಬ್ಬಾಳಮ್ಮನನ್ನು ಬಿಟ್ಟುಕೊಡುವುದುಂಟೇ? ಕೊನೆಗೆ ನಾಲ್ಕೂ ಅಂಚೆಚೀಟಿಯಷ್ಟಾಗಿ ಮೂಲೆ ಸೇರಿ, ನಡುವೆ ಅಧ್ಯಕ್ಷರು ಕೈಮುಗಿದು ನಿಲ್ಲುತ್ತಾರೆ.

ಬರೀ ಡಂಬವೆಂದು ನಕ್ಕುಬಿಡುವುದು ಸುಲಭ. ಆದರೆ ಸದಸ್ಯ ಪತ್ರಿಕೆ ಬಿಚ್ಚಿದೊಡನೆ ಹುಡುಕುವುದು ತನ್ನೂರನ್ನು, ತನ್ನವರ ಹೆಸರನ್ನು. ಅಷ್ಟರಮಟ್ಟಿಗೆ ಕಾರ್ಯದರ್ಶಿಗಳ ಊಹೆ ಸರಿಯೇ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಕೂಡ ವಿದ್ವತ್ತಿನ ‘ಪರಿಷತ್ಪತ್ರಿಕೆ’ಯ ಜೊತೆಗೆ ‘ಕನ್ನಡ ನುಡಿ’ಯನ್ನು ಬೇರೆಯಾಗಿ ತಂದಿತು. ಶಾಸನ ಓದುವವರೂ ಸುದ್ದಿ ಹುಡುಕುವವರೂ ಒಂದೇ ಪುಟಕ್ಕಾಗಿ ಜಗಳವಾಡಬೇಕಿಲ್ಲ. ನಮ್ಮ ಕಾರ್ಯದರ್ಶಿಗಳು ಎಡವುವುದು ಎಲ್ಲವನ್ನೂ ಒಂದೇ ಸಂಚಿಕೆಗೆ ತುರುಕುವಾಗ. ನಡುವೆ ಪಿನ್ ಹೊಡೆಯುವ ಪತ್ರಿಕೆಯಲ್ಲಿ ಪುಟಗಳು ನಾಲ್ಕು ನಾಲ್ಕಾಗಿಯೇ ಹೆಚ್ಚಬೇಕು. ಆ ಖರ್ಚು ಉಳಿಸಲು ಡಿಟಿಪಿಯವರಿಗೆ ಆಜ್ಞೆಯಾಗುತ್ತದೆ: ‘ಸಾಲು ಒಂಚೂರು ಒತ್ತಪ್ಪ.’ ಕನ್ನಡದ ಸಾಲು ಒತ್ತಿಸಿಕೊಳ್ಳುವುದಿಲ್ಲ. ‘ಕಬ್ಬಾಳು’ ಎಂದರೆ ಬಕಾರದ ಒತ್ತು ಕೆಳಗಿಳಿಯುತ್ತದೆ, ಕೆಳಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ನಡುದಾರಿಯಲ್ಲಿ ಡಿಕ್ಕಿ. ಹಳೆಯ ನುಡಿ ಫಾಂಟಿನ ಲೇಖನವನ್ನು ಯೂನಿಕೋಡಿಗೆ ತರುವಾಗ ಅರ್ಕಾವತ್ತು ಕಳಚಿತೋ, ಧರ್ಮದರ್ಶಿಗಳು ‘ಧಮದಶಿ’ಗಳಾಗಿ ಕೋಪಿಸಿಕೊಳ್ಳುತ್ತಾರೆ.

‘ವಾಟ್ಸಾಪ್ ಗುಂಪು ಇರುವಾಗ ಅಚ್ಚೇಕೆ?’ ಎನ್ನುವುದು ಖಜಾಂಚಿಗಳ ವಾದ. ಖರ್ಚಿನ ಮಾತು ನಿಜ. ಆದರೆ ಗುಂಪಿನಲ್ಲಿ ಹಾಕಿದ ಲೆಕ್ಕಪತ್ರ ಬೆಳಗಾಗುವುದರೊಳಗೆ ಶುಭೋದಯದ ಹೂಗಳಡಿ ಹೂತುಹೋಗುತ್ತದೆ. ಅಚ್ಚಾದದ್ದನ್ನು ಸದಸ್ಯ ಮಹಾಸಭೆಗೆ ಹಿಡಿದು ತಂದು ‘ಈ ಬಾಬ್ತು ಏನು ಸ್ವಾಮಿ?’ ಎಂದು ಕೇಳಬಹುದು. ಖಜಾಂಚಿಗಳಿಗೆ ವಾಟ್ಸಾಪ್ ಇಷ್ಟವಾಗಲು ಇದೂ ಒಂದು ಕಾರಣವಿದ್ದೀತು. ಹಾಗಾಗಿ ಲೆಕ್ಕವನ್ನು ಮೊದಲ ಪುಟಕ್ಕೆ ತನ್ನಿ, ವಯಸ್ಸಾದವರಿಗೆ ಕಾಣುವಂತೆ ಅಕ್ಷರ ದೊಡ್ಡದು ಮಾಡಿ, ಮೊದಲು ವಿಳಾಸಪಟ್ಟಿ ತಿದ್ದಿ. ಮನೆ ಬದಲಿಸಿದವರಿಗೂ ಶಿವನ ಪಾದ ಸೇರಿದವರಿಗೂ ಹೊಸ ರೂಪದ ಪತ್ರಿಕೆ ಕಳಿಸಿ ಏನು ಫಲ? ಕಾರ್ಯದರ್ಶಿಗಳು ಇದನ್ನು ಮನಸಾರೆ ಒಪ್ಪುತ್ತಾರೆ. ‘ವಿಳಾಸ ಪರಿಷ್ಕರಣಾ ಉಪಸಮಿತಿ’ಯನ್ನೂ ರಚಿಸುತ್ತಾರೆ; ಅದರ ಹನ್ನೊಂದು ಮಂದಿಯ ಫೋಟೊಗಾಗಿ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಒಂದು ಪುಟ ಕಾದಿರಿಸಲಾಗಿದೆ.