ವಾಲಗದ ಶ್ರುತಿ ಇಳಿದಾಗ

ಅಕ್ಕಾ, ಕರಿಬೇವು ಎಷ್ಟು ಬೇಕೋ ಕಿತ್ಕೊಳ್ಳಿ, ಆದರೆ ಒಂದು ಗಳಿಗೆ ಈ ಕಾಂಪೌಂಡ್ ಹತ್ತಿರಾನೇ ನಿಲ್ಲಿ. ನಿಮ್ಮ ಮಗಳ ಮದುವೆ ಕ್ಯಾಸೆಟ್ ವಿಷಯ ಹೇಳಬೇಕು.

ಮಾಲೂರಿನ ಛತ್ರದಲ್ಲಿ ಆದ ಮದುವೆ. ಶ್ರೀನಿವಾಸಪುರದ ತೋಪಿನಿಂದ ತಂದ ಮಾವಿನೆಲೆ ತೋರಣ, ಮುಳಬಾಗಿಲಿನಿಂದ ಹೋದ ನಾವೇ ಒಂದು ಬಸ್ಸು ಜನ. ಕೋಲಾರದಲ್ಲಿ ಡಿವಿಡಿ ಮಾಡಿಸಿ ಅಮೆರಿಕದಲ್ಲಿರೋ ಬೀಗರಿಗೆ ಕಳಿಸಿದಿರಿ, ಅಲ್ಲಿಯ ಪ್ಲೇಯರ್ ಓಡಿಸಲೇ ಇಲ್ಲ ಅಂತ ಬೇಜಾರು ಮಾಡ್ಕೊಂಡಿರಿ. ಡಿಸ್ಕು ಕೆಟ್ಟಿಲ್ಲ ಅಕ್ಕಾ. ನಮ್ಮ ಕರೆಂಟಿನ ತಾಳ ಸೆಕೆಂಡಿಗೆ 50, ಅವರದು 60. ಹಳೇ ಟಿವಿಗಳು ಚಿತ್ರ ಹಾಕ್ತಿದ್ದದ್ದು ಆ ತಾಳಕ್ಕೇ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಹಿಡಿದದ್ದು ಪಾಲ್: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅವರ ಎನ್‌ಟಿಎಸ್‌ಸಿಗೆ 525 ಗೆರೆ, 29.97 ಚಿತ್ರ. ಅಲ್ಲಿಯ ಎಷ್ಟೋ ಪ್ಲೇಯರುಗಳಿಗೆ ನಮ್ಮ ಲೆಕ್ಕ ಬರೋದೇ ಇಲ್ಲ.

ಬದಲಾಯಿಸೋಕೆ ದುಡ್ಡು ಬೇಡ. ಅವಿಡೆಮಕ್ಸ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ನಾನು ಮೊದಲು ‘ಚೇಂಜ್ ಎಫ್‌ಪಿಎಸ್’ ಒತ್ತಿ, ಅವರ ಡಿವಿಡಿ ಒಪ್ಪೋ ಸಿನಿಮಾ ತಾಳ, ಸೆಕೆಂಡಿಗೆ 23.976 ಚಿತ್ರ ಅಂತ ಕೊಟ್ಟೆ, ಜೊತೆಗೆ ಧ್ವನಿಯನ್ನೂ ಅಷ್ಟೇ ಎಳೆದೆ. ಒಂದು ಗಂಟೆಯ ಮದುವೆ ಎರಡೂವರೆ ನಿಮಿಷ ಹೆಚ್ಚು ಉದ್ದ ಆಯ್ತು. ಅದು ಹೋಗಲಿ ಅನ್ನಬಹುದು. ಆದರೆ ಮುಹೂರ್ತದ ವಾಲಗ ಮುಕ್ಕಾಲು ಸ್ವರಸ್ಥಾನ ಕೆಳಗಿಳೀತು. ನಿಮ್ಮ ಅತ್ತೆ ತೆಲುಗಲ್ಲಿ ಆರತಿ ಹಾಡ್ತಾರಲ್ಲ, ಆ ಸಣ್ಣ ಕಂಠ ಯಾರದೋ ದಪ್ಪ ಕಂಠ ಆಗಿಬಿಡ್ತು. ಕೇಳೋಕೆ ಆಗಲಿಲ್ಲ ನನಗೆ. ಅವರ ದನಿ ಅಂತ ಉಳಿದಿರೋದು ಅದೊಂದೇ ತಾನೆ?

ಆಮೇಲೆ ‘ರೀಸ್ಯಾಂಪಲ್ ಎಫ್‌ಪಿಎಸ್’ ಹಿಡಿದೆ. ಅದು ಚಿತ್ರಗಳ ಎಣಿಕೆ ಮಾತ್ರ ಬದಲಾಯಿಸುತ್ತೆ, ಹೊತ್ತು ಅಷ್ಟೇ ಇರುತ್ತೆ, ಧ್ವನಿಯನ್ನ ಮುಟ್ಟೋದೇ ಬೇಡ.

ಇನ್ನೊಂದು ಇದೆ. ಆ ಕ್ಯಾಸೆಟ್ಟಿನ ಒಂದೊಂದು ಚಿತ್ರವೂ ಎರಡು ಅರ್ಧ: ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಮರುಕ್ಷಣದ್ದು. ನಮ್ಮ 625ರಲ್ಲಿ ಚಿತ್ರ ಇರೋ 576 ಗೆರೆಯನ್ನ ಹಾಗೇ ಅವರ 525ರಲ್ಲಿ ಚಿತ್ರ ಇರೋ 480ಕ್ಕೆ ಕುಗ್ಗಿಸಿದರೆ ಎರಡೂ ಕಲಸಿಹೋಗಿ, ಅಕ್ಷತೆ ಹಾಕೋ ಕೈ ಮಸುಕು ಮಸುಕಾಗುತ್ತೆ. ಮೊದಲು ಯಾಡಿಫ್ ಫಿಲ್ಟರ್ ಹಾಕಿ ಒಂದೊಂದು ಅರ್ಧದಿಂದಲೂ ಒಂದೊಂದು ಪೂರ್ತಿ ಚಿತ್ರ ಮಾಡಿಸಬೇಕು, ಆಮೇಲೆ ಕುಗ್ಗಿಸಬೇಕು. ಆಗ ಸೆಕೆಂಡಿಗೆ 50 ಚಿತ್ರ ಸಿಗುತ್ತೆ. ಎಷ್ಟೋ ಜನ ಅರ್ಧ ಎಸೆದು 25 ಮಾತ್ರ ಇಟ್ಕೋತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಕ್ಯಾಮೆರಾ ಕಂಡ ಚಲನೆಯಲ್ಲಿ ಅರ್ಧ ಕಳೆದುಹೋಗುತ್ತೆ.

ನಿಮ್ಮ ಮೊಮ್ಮಗ ನೋಡೋದು ಫೋನಲ್ಲಿ. ಫೋನಿಗೆ ಪಾಲೂ ಇಲ್ಲ, ಎನ್‌ಟಿಎಸ್‌ಸಿಯೂ ಇಲ್ಲ. ಅವನಿಗೆ ಗೆರೆ ಕುಗ್ಗಿಸದೆ, 50 ಚಿತ್ರವೂ ಹಾಗೇ ಇಟ್ಟು ಫೈಲ್ ಮಾಡಿದ್ದೀನಿ, ರಾತ್ರಿ ಕಳಿಸ್ತೀನಿ. ಡಿವಿಡಿ ಬೀಗರಿಗೆ ಅಂತ ಬೇರೆ.

ಬೀರುವಲ್ಲಿ ಇನ್ನೊಂದು ಕ್ಯಾಸೆಟ್ ಇದೆ ಅಂದಿದ್ದಿರಲ್ಲ? ಬೂಷ್ಟು ಹಿಡಿದಿದ್ದರೆ ವಿಸಿಆರ್‌ಗೆ ಹಾಕಿಬಿಡಬೇಡಿ ಅಕ್ಕಾ, ಹಾಗೇ ತಂದು ಈ ಗೋಡೆ ಮೇಲಿಂದ ಕೊಡಿ.