ಕಿಟಕಿಯ ತಿಥಿ

ಏಪ್ರಿಲ್ ರಜೆಯ ಒಂದು ಮಧ್ಯಾಹ್ನ ಚಾಮರಾಜಪುರಂನ ನಮ್ಮ ಮನೆಯ ಬೀದಿಕಡೆಯ ಕಿಟಕಿಗೆ ಚೆಂಡು ಬಿತ್ತು. ಗಾಜಿನ ಸದ್ದು ಅಡಗುವ ಮೊದಲೇ ಬೀದಿ ಖಾಲಿ. ಚೆಂಡು ಮಾತ್ರ ನನ್ನ ಆರಾಮಕುರ್ಚಿಯ ಮೇಲೆ ಬಂದು ಕೂತಿತ್ತು. ಅರ್ಧ ಗಂಟೆ ಬಿಟ್ಟು ಒಬ್ಬ ಹುಡುಗ ಬಂದು, ಗಾಜಿನ ಸುದ್ದಿಯನ್ನೇ ಎತ್ತದೆ, "ಅಂಕಲ್, ಬಾಲ್ ಕೊಡ್ತೀರಾ?" ಅಂದ. ಕೊಟ್ಟೆ. ನಾನೂ ಇದೇ ಬೀದಿಯಲ್ಲಿ ಆಡಿ ಬೆಳೆದವನು. ಇದೇ ಕಿಟಕಿಯ ಇನ್ನೊಂದು ಗಾಜಿಗೆ ಹಿಂದೊಮ್ಮೆ... ಆ ಮಾತು ಈಗ ಬೇಡ.

"ನಾಳೆ ಹಾಕಿಸ್ತೀನಿ" ಎಂದು ಹೆಂಡತಿಗೆ ಹೇಳಿ, ಅಲ್ಲಿಯವರೆಗೆ ಇರಲೆಂದು ಗೋಡೆಯ ಕ್ಯಾಲೆಂಡರನ್ನೇ ತೂತಿಗೆ ಅಡ್ಡ ಕಟ್ಟಿದೆ. ಅವಸರದಲ್ಲಿ ಅದರ ಮುಖ ಬೀದಿಗಾಯಿತು, ಬೆನ್ನು ನಮಗೆ.

ನಾಳೆ ಎಂಬುದು ಮೇ ತಿಂಗಳಲ್ಲಿ ಬಂತು. ಸಂತೇಪೇಟೆಯಿಂದ ಗಾಜಿನವನು ಬಂದ. ಅಳತೆಪಟ್ಟಿ ಬಿಚ್ಚಿ, ಕದದ ಕೆಳಪಟ್ಟಿಯನ್ನು ಬೆರಳಿನಿಂದ ಒತ್ತಿದ. ಬೆರಳು ಒಳಗೇ ಹೋಯಿತು. "ಸಾರ್, ಗಾಜು ಕೂರೋಕೆ ಮರ ಬೇಕಲ್ಲ? ಗೆದ್ದಲು ತಿಂದು ಬಣ್ಣ ಮಾತ್ರ ಬಿಟ್ಟಿದೆ. ಮೊದಲು ಆಚಾರ್ರನ್ನ ಕರೆಸಿ."

ಆಚಾರ್ರು ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಚೌಕಟ್ಟನ್ನು ಸವರಿ, "ಹಳೇ ತೇಗ. ಇಂಥದ್ದು ಈಗ ಎಲ್ಲಿ ಸಿಗತ್ತೆ" ಎಂದು ಸತ್ತವರ ಗುಣ ಹೇಳುವ ದನಿಯಲ್ಲಿ ಅಂದರು. "ಮರ ಈಗ ನೀರು ಕುಡಿದು ಉಬ್ಬಿರತ್ತೆ ಸ್ವಾಮಿ. ಈಗ ಕೀಸಿ ಕೂರಿಸಿದ್ರೆ ಬೇಸಿಗೇಲಿ ಕುಗ್ಗಿ, ಎರಡು ನೂಲು ಸಂದು ಬಿಡತ್ತೆ. ದಸರಾ ಕಳೀಲಿ." ಅವರ ಲೆಕ್ಕದಲ್ಲಿ ಒಂದು ನೂಲೆಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅಷ್ಟು ಸೂಕ್ಷ್ಮವಾಗಿ ಯೋಚಿಸುವವರು ತಿಂಗಳುಗಳನ್ನು ಮಾತ್ರ ಮಾರುಗಟ್ಟಲೆ ಅಳೆಯುತ್ತಾರೆ. ಮೈಸೂರಿನಲ್ಲಿ ಯಾವ ಕೆಲಸವನ್ನಾದರೂ ದಸರೆಯಾಚೆಗೆ ತಳ್ಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಅದನ್ನ ಕಿತ್ತುಹಾಕಿ ಯುಪಿವಿಸಿ ಹಾಕ್ಸಪ್ಪ" ಅಂದ. ಗೆದ್ದಲು ಮುಟ್ಟದು, ಮಳೆಗೆ ಉಬ್ಬದು, ಎಲ್ಲ ನಿಜ. ಆದರೆ ನಮ್ಮದು ಒಂದೂವರೆ ಅಡಿಯ ಸುಣ್ಣಗಾರೆ ಗೋಡೆ. ಚೌಕಟ್ಟು ಮತ್ತು ಗೋಡೆ ಎಷ್ಟೋ ವರ್ಷ ಸಂಸಾರ ಮಾಡಿವೆ. ಒಂದನ್ನು ಕಿತ್ತರೆ ಇನ್ನೊಂದು ಸಹಗಮನ ಮಾಡೀತೆಂದು ಹೆದರಿ ಸುಮ್ಮನಾದೆ.

ಹೆಂಡತಿ ಸುಮ್ಮನಾಗಲಿಲ್ಲ. "ರೀ, ಅರಮನೆ ಕಲ್ಯಾಣ ಮಂಟಪಕ್ಕೆ ನವಿಲಿನ ಬಣ್ಣದ ಗಾಜು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ನಮಗೆ ಒಂದು ಬಿಳೀ ಗಾಜು ಸಂತೇಪೇಟೆಯಿಂದ ಆಟೋದಲ್ಲಿ ಬರಲ್ವಾ?"

"ಮರದ ಅರಮನೆ ಸುಟ್ಟಿದ್ದು 1897ರಲ್ಲಿ, ಹೊಸದು ಮುಗಿದದ್ದು 1912ರಲ್ಲಿ. ಹದಿನೈದು ವರ್ಷ ಹಿಡೀತು ಕಣೇ" ಅಂದೆ. ಇತಿಹಾಸ ಬಲ್ಲವನಿಗೆ ಆ ರಾತ್ರಿ ಸಿಕ್ಕಿದ್ದು ಮಧ್ಯಾಹ್ನದ ಸಾರು.

ಅಷ್ಟರಲ್ಲಿ ದಸರಾ ಆನೆಗಳು ಬಂದವು. ಜಂಬೂಸವಾರಿಯ ದಿನ ಹಾರಿಸುವ 21 ಕುಶಾಲತೋಪಿಗೆ ಅವು ಬೆದರಬಾರದೆಂದು ಮೊದಲೇ ಫಿರಂಗಿ ತಾಲೀಮು ನಡೆಯುತ್ತದೆ. ಆನೆಗಳಿಗೇನೋ ತಾಲೀಮು ಕೊಡುತ್ತಾರೆ. ಕಿಟಕಿಗಳಿಗೆ ಕೊಡುವವರು ಯಾರು? ಒಂದೊಂದು ಢಂ ಎಂದಾಗಲೂ ಉಳಿದ ಗಾಜುಗಳು ಹಲ್ಲು ಕಟಕಟಿಸಿದವು, ಒಣಗಿದ ಪುಟ್ಟಿ ಚಕ್ಕೆ ಚಕ್ಕೆಯಾಗಿ ನನ್ನ ಕಾಫಿಗೆ ಉದುರಿತು.

ಕ್ಯಾಲೆಂಡರು ಮಾತ್ರ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದ್ದು, ಗಟ್ಟಿಯಾಗಿ ನಿಂತಿತ್ತು. ಒಂಟಿಕೊಪ್ಪಲ್ ಪಂಚಾಂಗದ ಊರಿನಲ್ಲಿ ತಿಥಿ ನೋಡುವವರಿಗೇನು ಕಮ್ಮಿ? ವಾಕಿಂಗ್ ಹೋಗುವ ನಿವೃತ್ತರು ನಿಂತು ಏಕಾದಶಿ ಎಣಿಸಿದರು. ಹಾಲಿನವನು ನಾಗಾ ಮಾಡಿದ ದಿನಗಳಿಗೆ ಪ್ಲಾಸ್ಟಿಕ್ಕಿನ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಸುತ್ತು ಹಾಕಿದ. ತಿಂಗಳು ತಿರುಗಿಯೂ ನಾನು ಹಾಳೆ ಮಗುಚದಿದ್ದರೆ ಎದುರುಮನೆ ಅಜ್ಜಿ ಗೇಟಿನಿಂದಲೇ, "ಇನ್ನೂ ಜುಲೈನಲ್ಲೇ ಇದ್ದೀಯಲ್ಲೋ?" ಎಂದು ಗದರುತ್ತಿದ್ದರು.

ದೀಪಾವಳಿಯಾದ ಮೇಲೆ ಆಚಾರ್ರು ಬಂದರು. ಕೆಳಪಟ್ಟಿ ಬದಲಾಯಿತು, ನಾಲ್ಕು ಮಿಲಿಮೀಟರ್ ಗಾಜು ಕೂತಿತು. ಚಿಲಕ ಕೂರಿಸುವುದೊಂದು ಬಾಕಿ. ಕೋಣೆಗೆ ಬಿಸಿಲು ಬಂದು, ಏಳು ತಿಂಗಳ ಧೂಳೆಲ್ಲ ಕಾಣಿಸಿತು. ಅದಕ್ಕೂ ನನಗೇ ಬೈಗುಳ.

ಮರುದಿನ ಬೆಳಗ್ಗೆ ಅಜ್ಜಿ ಗೇಟಿನ ಬಳಿ. "ಸಂಕಷ್ಟಿ ಯಾವತ್ತು ಅಂತ ಇನ್ನು ಯಾರನ್ನ ಕೇಳ್ಲಪ್ಪಾ?" ಹಿಂದೆ ಹಾಲಿನವನು, "ಅಯ್ಯೋ, ನನ್ನ ಲೆಕ್ಕ!"

ಹೊಸ ಗಾಜಿಗೆ ಒಳಗಿನಿಂದ, ಮುಖ ಬೀದಿಗೆ ಕಾಣುವಂತೆ, ಕ್ಯಾಲೆಂಡರನ್ನು ಅಂಟಿಸಿದೆ. ಕೋಣೆ ಮತ್ತೆ ಕತ್ತಲಾಯಿತು. ಚಿಲಕ ಹಾಕಲು ಬಂದ ಆಚಾರ್ರು ಹೊರಗೇ ನಿಂತು, ಗಾಜಿನ ಮೇಲೆ ಬೆರಳಾಡಿಸಿ ಓದಿದರು. ಆಮೇಲೆ ಚೀಲವನ್ನು ಮತ್ತೆ ಹೆಗಲಿಗೇರಿಸಿ, "ಇವತ್ತು ಅಮಾವಾಸ್ಯೆ ಅಂತ ನೋಡೇ ಇರ್ಲಿಲ್ಲ ಸ್ವಾಮಿ. ಇವತ್ತು ಉಳಿ ಮುಟ್ಟಲ್ಲ" ಎಂದು ಹೊರಟೇಬಿಟ್ಟರು.